ಒರೆಸಿದರೆ ಹೋಗದ ಬಿಳುಪು

ಬಾಯಿ ಇಷ್ಟೇ ಇಷ್ಟು, ನನ್ನ ಕಿರುಬೆರಳಿನ ಉಗುರೂ ಒಳಗೆ ಹಿಡಿಸುವುದಿಲ್ಲ, ಆದರೂ ಒಳಗೆ ಎಲ್ಲ ಇದೆ, ಹಲ್ಲು, ಅಂಗುಳ, ಕೆನ್ನೆಯ ಒಳಮೈ, ಒದ್ದೆ ನಾಲಿಗೆ — ಮೊಂಡು ಚಿಮಟದಲ್ಲಿ ತುದಿ ಹಿಡಿದು ಮೆಲ್ಲಗೆ ಎಳೆದರೆ ಹೊರಗೆ ಬಂದು ದೀಪದ ಕೆಳಗೆ ಮಲಗುತ್ತದೆ, ತಿಳಿಗೆಂಪು, ಒಂದು ಮಚ್ಚೆಯಿಲ್ಲ, ಒಂದು ಗಂಟಿಲ್ಲ, ಇದೂ ಚೊಕ್ಕವೇ, ಥೂ, ಇದೂ ಚೊಕ್ಕವೇ. ಇಲಿಯ ಬಾಯಿಗೆ ಕ್ಯಾನ್ಸರ್ ಬರಲಿಲ್ಲವಲ್ಲ ಎಂದು ಹೊಟ್ಟೆ ಉರಿದುಕೊಳ್ಳುವವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಎಷ್ಟು ಅಂತ ಬರ್ಕೊಳ್ಲಿ ಮೇಡಂ, ಸಿದ್ದರಾಜು ಡಾಕ್ಟರು ಕೇಳುತ್ತಾರೆ, ನಮ್ಮ ಪ್ರಾಣಿಮನೆಯ ಪಶುವೈದ್ಯರು, ಒಂದೊಂದೇ ಇಲಿಗೆ ಮಂಪರಿನ ಗಾಳಿ ಕೊಟ್ಟು ಮಲಗಿಸಿ, ಮೈ ಕಿವಿ ಎಲ್ಲ ಹಸಿರು ಬಟ್ಟೆಯಲ್ಲಿ ಮುಚ್ಚಿ, ಮೂತಿ ಮಾತ್ರ ಕಾಣುವ ಹಾಗೆ ನನ್ನ ಮುಂದೆ ತಂದಿಡುವುದು ಅವರ ಕೆಲಸ, ಬಾಯಿ ನೋಡಿ ಅಂಕ ಹೇಳುವುದು ನನ್ನ ಕೆಲಸ, ಚೊಕ್ಕವಿದ್ದರೆ ಸೊನ್ನೆ, ಬಿಳಿ ಮಚ್ಚೆಯಿದ್ದರೆ ಒಂದು, ಗಂಟು ಎದ್ದಿದ್ದರೆ ಎರಡು. ಸೊನ್ನೆ, ಅನ್ನುತ್ತೇನೆ, ಧ್ವನಿ ಸರಿಯಾಗಿಯೇ ಬರುತ್ತದೆ, ಮುಖಕ್ಕೆ ಮಾಸ್ಕ್ ಇರುವುದು ಎಷ್ಟು ಒಳ್ಳೆಯದಾಯಿತು. ಪಂಜರಗಳಲ್ಲಿ ಹಾಸಿದ ಜೋಳದ ದಿಂಡಿನ ಹೊಟ್ಟಿನ ವಾಸನೆ, ಅದರ ಮೇಲೆ ಇಲಿಯ ಉಚ್ಚೆಯ ಘಾಟು, ಕಿಟಕಿಯಿಲ್ಲದ ಕೋಣೆ, ಹೊರಗೆ ಕನಕಪುರ ರಸ್ತೆಯಲ್ಲಿ ಬಿಸಿಲೋ ಮೋಡವೋ ಗೊತ್ತಾಗುವುದಿಲ್ಲ. ಫೋನು ಪ್ಲಾಸ್ಟಿಕ್ ಚೀಲದೊಳಗೆ, ಮೇಜಿನ ಮೂಲೆಯಲ್ಲಿ, ಇನ್ನೂ ಸುಮ್ಮನಿದೆ. ಜಯನಗರದ ಆಸ್ಪತ್ರೆಯಲ್ಲಿ ಅಮ್ಮನ ಹೆಸರು ಇನ್ನೂ ಕರೆದಿಲ್ಲವೇನೋ.

ಅಮ್ಮನ ಪಕ್ಕದಲ್ಲಿ ನಾನು ಕೂತಿರಬೇಕಿತ್ತು. ಕೂತಿರುವವಳು ಶರ್ವಾಣಿ, ಪ್ರಯೋಗಾಲಯದಲ್ಲಿ ನನ್ನ ಕಿರಿಯವಳು. ಈ ಇಲಿಗಳನ್ನು ಸಾಕಿದವಳು ಶರ್ವಾಣಿ, ನೋಡುತ್ತಿರುವವಳು ನಾನು. ಸಾಕಿದವರು ನೋಡುವ ಹಾಗಿಲ್ಲ, ಅದು ನಮ್ಮ ಕಡೆಯ ನಿಯಮ, ಮರಿ ಹುಟ್ಟಿದಾಗಿನಿಂದ ಸಾಕಿದವರಿಗೆ ಯಾವ ಇಲಿ ಯಾವ ಗುಂಪಿನದು ಎಂದು ಗೊತ್ತಿರುತ್ತದೆ, ಗೊತ್ತಿದ್ದವರ ಕಣ್ಣು ತನಗೆ ಬೇಕಾದದ್ದನ್ನೇ ಕಾಣುತ್ತದೆ, ಅದಕ್ಕೇ ಬಾಯಿ ನೋಡುವ ದಿನ ಸಾಕಿದವರು ಈ ಬಾಗಿಲ ಹತ್ತಿರವೂ ಸುಳಿಯಬಾರದು, ಫೋನು ಮಾಡಿ ಹೇಗಿದೆ ಎಂದೂ ಕೇಳಬಾರದು. ಹಾಗಾಗಿ ಇವತ್ತು ಅವಳಿಗೆ ರಜೆ. ಇವತ್ತೇ ಅಮ್ಮನ ರಿಪೋರ್ಟು ಬರುವುದು, ನಾನು ಆಗುವುದಿಲ್ಲ ಸಾರ್, ಬೇರೆ ದಿನ ಇಟ್ಟುಕೊಳ್ಳೋಣ ಎಂದು ನಮ್ಮ ತಂಡದ ಮುಖ್ಯಸ್ಥ ಅನಂತರಾಮು ಸಾರ್‌ಗೆ ಹೇಳಬೇಕೆಂದುಕೊಂಡವಳು ಮೊದಲು ಮನೆಯಲ್ಲಿ ಬಾಯಿಬಿಟ್ಟೆ, ಅದೇ ತಪ್ಪಾಯಿತು. ನೀನ್ಯಾಕೇ ಕೆಲ್ಸ ಕೆಡಿಸ್ಕೊಳ್ತೀಯ, ಶರ್ವಾಣಿ ಬರ್ತಾಳಂತೆ ಬಿಡು, ಅಂದಳು ಅಮ್ಮ, ಸ್ನಾನಕ್ಕೆ ನೀರು ಕಾದಿದೆ ಎನ್ನುವ ಹಾಗೆ. ಬರ್ತಾಳಂತೆ. ಅಂದರೆ ನನಗಿಂತ ಮೊದಲೇ ಅವರಿಬ್ಬರ ನಡುವೆ ಮಾತಾಗಿದೆ. ಬೆಳಗ್ಗೆ ನಾನು ಗಾಡಿ ತೆಗೆಯುವಾಗ ಇಬ್ಬರೂ ಗೇಟಿನ ಹತ್ತಿರ ಆಟೋಗೆ ಕಾಯುತ್ತಿದ್ದರು, ಅಮ್ಮ ಮಾವಿನಕಾಯಿ ಹಸಿರಿನ ಸೀರೆ ಉಟ್ಟಿದ್ದಳು, ನಾನು ಕೊಡಿಸಿದ್ದು, ನನ್ನ ಜೊತೆ ಎಲ್ಲಿಗೆ ಹೊರಟಾಗಲೂ ಉಡದೆ ಇಟ್ಟುಕೊಂಡದ್ದು. ಶರ್ವಾಣಿ ಅಮ್ಮನ ಕೈಚೀಲ ತನ್ನ ಹೆಗಲಿಗೆ ಹಾಕಿಕೊಂಡಿದ್ದಳು. ಅಕ್ಕಾ ನೀವು ಆರಾಮಾಗ್ ಹೋಗಿ, ನಾನ್ ನೋಡ್ಕೋತೀನಿ ಅಮ್ಮನ್ನ, ಅಂದಳು, ಇಲಿಗಳ ವಿಷಯ ಒಂದಕ್ಷರ ಎತ್ತಲಿಲ್ಲ, ಎತ್ತಬಾರದು, ಆದರೆ ಕಣ್ಣಿನಲ್ಲಿತ್ತು, ನೋಡಿದೆ. ಅಮ್ಮನ್ನ ಅಂತೆ. ಇವಳಿಗೆ ಯಾವಾಗಿನಿಂದ ಅಮ್ಮ.

ಅವಳಿಗೆ ಮನೆ ಕೊಡಿಸಿದ್ದೂ ನಾನೇ, ಅದನ್ನು ಯಾರಿಗೆ ಹೇಳಿಕೊಳ್ಳಲಿ. ತುಮಕೂರಿನ ಹುಡುಗಿ ಸಾರ್, ಪಿಜಿಯಲ್ಲಿ ಊಟ ಸೇರುತ್ತಿಲ್ಲವಂತೆ, ನಮ್ಮ ಮೇಲ್ಮನೆ ಖಾಲಿಯಿದೆ ಎಂದು ಸಾರ್ ಮುಂದೆ ದೊಡ್ಡವಳ ಹಾಗೆ ಹೇಳಿ ಹುಳಿಮಾವಿಗೆ ಕರೆತಂದೆ. ಹೊಲವಿದ್ದ ಜಾಗದಲ್ಲಿ ಅಪ್ಪ ಕಟ್ಟಿಸಿ ಹೋದ ಮೂರಂತಸ್ತಿನ ಮನೆ, ಕೆಳಗೆ ನಾನು ಮತ್ತು ಅಮ್ಮ, ಮೇಲೆ ಬಾಡಿಗೆಯವರು ಬರುತ್ತಾರೆ, ಹೋಗುತ್ತಾರೆ, ಯಾರೂ ಅಮ್ಮನ ಮಂಚದ ತುದಿಯಲ್ಲಿ ಕೂತವರಲ್ಲ, ಇವಳು ಮೊದಲ ವಾರವೇ ಕೂತಳು, ಕಾಲು ಮಡಿಸಿಕೊಂಡು, ಸೊಪ್ಪು ಬಿಡಿಸಿಕೊಡುತ್ತ. ಮನೆಯಲ್ಲಿ ಅಕ್ಕ, ಪ್ರಯೋಗಾಲಯದಲ್ಲಿ ಮೇಡಂ, ಎರಡೂ ಅವಳ ಬಾಯಲ್ಲಿ ಒಂದೇ ಥರ ಮೆತ್ತಗೆ. ಮೆತ್ತಗೆ ಮಾತಾಡುತ್ತಲೇ ನನ್ನ ಆರು ವರ್ಷದ ಕೆಲಸದ ಬುಡಕ್ಕೆ ಕೈ ಹಾಕಿದಳು. ಆ ಪ್ರೋಟೀನಿಗೆ ಪುಸ್ತಕದಲ್ಲಿ ಅಕ್ಷರವೂ ಅಂಕಿಯೂ ಸೇರಿದ ಉದ್ದ ಹೆಸರಿದೆ, ನಮ್ಮಲ್ಲಿ ಎಲ್ಲರೂ ಅದನ್ನು ಅಂಟು ಅನ್ನುತ್ತೇವೆ, ಆ ಹೆಸರಿಟ್ಟವಳು ನಾನು, ಬಾಯಿಯ ಒಳಪೊರೆಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಅದು, ಅಂಟು ಕಮ್ಮಿಯಾದರೆ ಪೊರೆ ಸಡಿಲವಾಗುತ್ತದೆ, ಸಡಿಲವಾದಲ್ಲಿ ಕ್ಯಾನ್ಸರ್ ನುಗ್ಗುತ್ತದೆ, ಅಂಟು ಕಾಯುವಂಥದ್ದು — ಇದು ನನ್ನ ವಾದ, ಆರು ವರ್ಷದಿಂದ, ಎಷ್ಟು ಸಭೆಯಲ್ಲಿ ಎದೆ ಸೆಟೆಸಿ ಹೇಳಿದ್ದೇನೆ. ಒಂದು ದಿನ ಕ್ಯಾಂಟೀನಿನಲ್ಲಿ ಇಡ್ಲಿ ಮುರಿಯುತ್ತ ಇವಳು ಕೇಳುತ್ತಾಳೆ, ಮೇಡಂ, ಬಾಯಲ್ಲಿ ಕೆಟ್ಟ ಕೋಶಗಳು ದಿನಾ ಉದುರಿ ಹೋಗ್ತಾನೇ ಇರ್ತಾವಲ್ವಾ, ಅಂಟು ಜಾಸ್ತಿ ಇದ್ರೆ ಕೆಟ್ಟಿರೋದೂ ಉದುರಲ್ಲ ಅಲ್ವಾ, ಅಲ್ಲೇ ಕೂತ್ಕೊಂಡು ಕ್ಯಾನ್ಸರ್ ಆಗ್ಬೋದಲ್ವಾ. ಅಲ್ವಾ, ಅಲ್ವಾ, ಅಲ್ವಾ. ಪಕ್ಕದಲ್ಲಿ ಅನಂತರಾಮು ಸಾರ್ ಚಮಚ ಕೆಳಗಿಟ್ಟರು. ಅವರು ಚಮಚ ಕೆಳಗಿಡುವುದು ನಾನು ಹೊಸದರಲ್ಲಿ ನೋಡಿದ್ದು, ನನ್ನ ಮಾತಿಗೆ, ಆಮೇಲೆ ನೋಡಿರಲಿಲ್ಲ. ಮಾಡಿ ನೋಡಮ್ಮ, ಅಂದರು ಅವಳಿಗೆ. ಅಂಟು ಇರುವ ಇಲಿ ಅರ್ಧ, ಹುಟ್ಟಿನಿಂದಲೇ ಅಂಟು ಇಲ್ಲದ ಹಾಗೆ ಬೆಳೆಸಿದ ಇಲಿ ಅರ್ಧ, ಎಲ್ಲಕ್ಕೂ ಕುಡಿಯುವ ನೀರಿನಲ್ಲಿ ಕ್ಯಾನ್ಸರ್ ಬರಿಸುವ ಒಂದೇ ವಿಷ, ಬೆಳಕು ತಾಗಿದರೆ ವಿಷ ಕೆಡುತ್ತದೆಂದು ಬಾಟಲಿಗೆಲ್ಲ ಬೆಳ್ಳಿ ಕಾಗದ ಸುತ್ತಬೇಕು, ಹೇಗೆ ಸುತ್ತುವುದು ಎಂದು ಅವಳಿಗೆ ಕಲಿಸಿದವಳೂ ನಾನೇ. ಎಲ್ಲ ನಾನೇ ಕೊಟ್ಟದ್ದು, ಮನೆ, ಬಾಟಲಿ, ಅಂಟು ಎನ್ನುವ ಹೆಸರು. ಇವತ್ತು ನಾಲ್ಕು ಗಂಟೆಗೆ ಸಾರ್ ತಮ್ಮ ಕೋಣೆಯಲ್ಲಿ ಗುಟ್ಟು ಬಿಚ್ಚುತ್ತಾರೆ, ಯಾವ ಸಂಖ್ಯೆಯ ಇಲಿ ಯಾವ ಗುಂಪಿನದೆಂದು. ಮುಂದಿನ ಬೇಸಿಗೆಗೆ ಸಾರ್ ನಿವೃತ್ತಿ. ಅಂಟು ಯಾರ ಮಾತು ಕೇಳಿತೋ ನಮ್ಮ ತಂಡ ಅವರ ಕೈಗೆ, ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ಎಲ್ಲರಿಗೂ ಗೊತ್ತು.

ಮುಂದಿನದು ತಂದಿದೀನಿ ಮೇಡಂ. ಮೂತಿ ಸಣ್ಣದು, ಮೀಸೆ ನಡುಗುತ್ತದೆ, ಉಸಿರಿದೆ, ಚಿಮಟ, ತುದಿ, ಮೆಲ್ಲಗೆ — ನಾಲಿಗೆಯ ಹಿಂದೆ ದಪ್ಪಗೆ ಗಂಟು, ಹೂಕೋಸಿನ ಚೂರಿನ ಹಾಗೆ, ಎರಡು, ಅನ್ನುತ್ತೇನೆ, ಅಯ್ಯೋ ಪಾಪ ಅನ್ನುತ್ತಾರೆ ಸಿದ್ದರಾಜು, ಎಷ್ಟು ವರ್ಷವಾದರೂ ಅವರಿಗೆ ಪ್ರತಿ ಇಲಿಯೂ ಪಾಪವೇ. ನನಗೆ ಪಾಪ ಅನ್ನಿಸುವುದಿಲ್ಲ, ನಾನು ನಾಲಿಗೆಯ ತುದಿ ನೋಡುತ್ತೇನೆ. ತುದಿಯಲ್ಲಿ ಸಣ್ಣ ಮುಳ್ಳುಗಳು ಒತ್ತೊತ್ತಾಗಿವೆ, ನಿಂತಿವೆ. ಅಂಟು ಇರುವ ಇಲಿ ಇದು. ನನಗೆ ಗೊತ್ತು. ಯಾರಿಗೂ ಹೇಳಿಲ್ಲ, ನನ್ನೊಬ್ಬಳಿಗೆ ಗೊತ್ತು, ಅಂಟು ಇಲ್ಲದ ಇಲಿಯ ನಾಲಿಗೆಯ ತುದಿಯಲ್ಲಿ ಮುಳ್ಳು ವಿರಳ, ಹಿಂದಕ್ಕೆ ಒರಗಿರುತ್ತವೆ, ಎಷ್ಟು ಸಣ್ಣ ವ್ಯತ್ಯಾಸವೆಂದರೆ ಆರು ವರ್ಷ ಇಲಿಯ ನಾಲಿಗೆ ಬಿಟ್ಟು ಬೇರೇನೂ ನೋಡದವಳಿಗೆ ಮಾತ್ರ ಕಂಡೀತು. ಕಿವಿಯಲ್ಲಿರುವ ಗುರುತಿನ ತೂತು ಕಾಣಬಾರದೆಂದು ಹಸಿರು ಬಟ್ಟೆ ಮುಚ್ಚುತ್ತಾರೆ, ನಾಲಿಗೆಯ ಮೇಲೇ ಗುರುತಿದೆ ಎಂದು ಅವರಿಗೇನು ಗೊತ್ತು. ಗೊತ್ತಿಲ್ಲದವರು ನೋಡಬೇಕೆಂದು ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವಳನ್ನು ತಂದು ಕೂರಿಸಿದ್ದಾರೆ. ಬೆಳಗ್ಗೆಯೇ ಹೇಳಬೇಕಿತ್ತು, ಸಾರ್, ನನಗೆ ಗುರುತು ಸಿಗುತ್ತೆ, ನಾನು ನೋಡಬಾರದು ಎಂದು. ಹೇಳಿದ್ದರೆ ಈ ಕುರ್ಚಿಯಲ್ಲಿ ಬೇರೆಯವರು ಕೂರುತ್ತಿದ್ದರು, ಅವಳು ಸೋಲುವುದನ್ನು ಎಲ್ಲರಿಗಿಂತ ಮೊದಲು ನೋಡುವ ಸುಖ ಬೇರೆಯವರ ಪಾಲಾಗುತ್ತಿತ್ತು. ಆ ಸುಖಕ್ಕೆಂದು ಬಂದು ಕೂತೆ. ಈಗ ನೋಡು. ಒತ್ತು ಮುಳ್ಳಿನ ನಾಲಿಗೆಗಳಲ್ಲೆಲ್ಲ ಗಂಟು, ಮಚ್ಚೆ, ಹುಣ್ಣು. ವಿರಳ ಮುಳ್ಳಿನವು ಒಂದಾದ ಮೇಲೊಂದು ಚೊಕ್ಕ, ಚೊಕ್ಕ, ಚೊಕ್ಕ. ಅಂಟು ಇಲ್ಲದವು ಅದೇ ವಿಷ ಕುಡಿದು ಆರಾಮವಾಗಿವೆ. ಶರ್ವಾಣಿ ಗೆದ್ದಿದ್ದಾಳೆ, ಅವಳಿಗೆ ಇನ್ನೂ ಗೊತ್ತಿಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಅಮ್ಮನ ಕೈ ಹಿಡಿದು ಕೂತಿದ್ದಾಳೆ, ಇಷ್ಟು ದೊಡ್ಡ ಸುದ್ದಿ ಈ ಭೂಮಿಯ ಮೇಲೆ ನನ್ನೊಬ್ಬಳ ಹತ್ತಿರ ಇದೆ, ಇಟ್ಟುಕೊಳ್ಳಲೂ ಆಗದು, ಉಗುಳಲೂ ಆಗದು.

ಉಗುಳು ಎಂದರೆ ಅಮ್ಮನ ಹಿತ್ತಲ ಬಾಗಿಲು, ಕೆಂಪು ಕಲೆ, ತೆಂಗಿನ ಬುಡದಲ್ಲಿ. ಊಟವಾದ ಮೇಲೆ ಎಲೆ, ಅಡಿಕೆ, ಸುಣ್ಣ, ಅದರ ಮೇಲೆ ಒಂದು ಚಿಟಿಕೆ ಹೊಗೆಸೊಪ್ಪಿನ ಕಡ್ಡಿಪುಡಿ, ಎಡಗೆನ್ನೆಯ ಸಂದಿಗೆ ಸೇರಿಸಿದರೆ ಅಮ್ಮನ ಮಾತು ಅರ್ಧ ನಿಂತ ಹಾಗೆ. ಹೊಲದಲ್ಲಿ ಕಳೆ ಕೀಳುವಾಗ ಹತ್ತಿದ ಚಟ, ಹೊಲ ಹೋಯಿತು, ಚಟ ಉಳಿಯಿತು. ನಾನು ಕಿತ್ತು ಬಿಸಾಕಿದ ಪೊಟ್ಟಣಗಳಿಗೆ ಲೆಕ್ಕವಿಲ್ಲ. ನಾನ್ ದಿನಾ ನೋಡೋದೇ ಇದನ್ನ ಕಣಮ್ಮ, ಬಾಯೆಲ್ಲ ಕೊಳೆತು ಹೋಗತ್ತೆ, ನಿಂಗೆ ಬುದ್ಧಿ ಇಲ್ವಾ, ಎಂದು ಕೂಗಾಡುತ್ತಿದ್ದೆ, ಇಲಿಯ ನಾಲಿಗೆಯ ಚಿತ್ರ ತೋರಿಸಿದೆ, ಥೂ ಊಟದ ಹೊತ್ತಲ್ಲಿ ತೆಗಿಯೇ ಅದನ್ನ, ಅಂದಳು. ಆಮೇಲೆ ನನ್ನ ಮುಂದೆ ಹಾಕುವುದನ್ನು ಬಿಟ್ಟಳು. ನನ್ನ ಗಾಡಿಯ ಸದ್ದು ಕೇಳಿದ ಕೂಡಲೇ ಬಾಯಿ ಮುಕ್ಕಳಿಸುತ್ತಾಳೆಂದು ಗೊತ್ತಿತ್ತು, ಗೊತ್ತಿದ್ದೂ ಬಿಟ್ಟಿದ್ದಾಳೆ ಎಂದುಕೊಂಡೆ. ನನ್ನ ಹತ್ತಿರ ಮಾತಾಡುವಾಗ ಸೆರಗು ಬಾಯಿಗೆ ಅಡ್ಡ ಬರುತ್ತಿತ್ತು. ನಗುವಾಗ ತುಟಿ ಬಿಡುತ್ತಿರಲಿಲ್ಲ. ಇಷ್ಟೂ ವರ್ಷ ಒಂದೇ ಮನೆ, ಒಂದೇ ಅಡುಗೆ, ಎದುರುಬದುರು ತಟ್ಟೆ, ಆ ಬಾಯಿಯ ಒಳಗೆ ಏನಿದೆ ನನಗೆ ಗೊತ್ತಿರಲಿಲ್ಲ. ಗೌರಿ ಹಬ್ಬದ ದಿನ ಶರ್ವಾಣಿಯನ್ನು ಊಟಕ್ಕೆ ಕರೆದದ್ದು ಅಮ್ಮ. ಒಬ್ಬಟ್ಟು ಬಡಿಸಿದ್ದೂ ಅವಳಿಗೇ ಮೊದಲು. ಊಟವಾಯಿತು, ನಾನು ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದೇನೆ, ಅಮ್ಮ ಮಂಚದ ಮೇಲೆ ಎಲೆಅಡಿಕೆ ತಟ್ಟೆ ಎಳೆದುಕೊಂಡಳು, ಕಡ್ಡಿಪುಡಿಯ ಪೊಟ್ಟಣ ದಿಂಬಿನ ಕೆಳಗಿನಿಂದ ಬಂತು, ನನಗೆ ಕಾಣುವುದಿಲ್ಲವೆಂದುಕೊಂಡಿದ್ದಾಳೆ. ಅಮ್ಮಾ ನಂಗೂ ಒಂದು ಎಲೆ ಮಡಿಚ್ಕೊಡಿ, ಬರೀ ಅಡಿಕೆ ಸಾಕು, ಅಂದಳು ಅವಳು. ಬಯ್ಯಲಿಲ್ಲ. ಚಿತ್ರ ತೋರಿಸಲಿಲ್ಲ. ಇಬ್ಬರೂ ಅಗಿದರು. ಅಮ್ಮ ನಕ್ಕಳು, ಬಾಯಿ ತುಂಬ, ತುಟಿ ಬಿಟ್ಟು, ಹಾಗೆ ನಗುವುದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತು. ಅಮ್ಮಾ, ಖಾರ ತಿಂದ್ರೆ ಉರಿಯತ್ತಾ ನಿಮ್ಗೆ, ಅವತ್ತು ಮೆಣಸಿನಕಾಯಿ ಬಜ್ಜಿ ಬೇಡ ಅಂದ್ರಲ್ಲ, ಸ್ವಲ್ಪ ಮುಕ್ಕಳಿಸಿ ಬನ್ನಿ, ಬಾಯಿ ತೆಗೀರಿ ನೋಡಣ. ಅಮ್ಮ ಮುಕ್ಕಳಿಸಿ ಬಂದು ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು ಬಾಯಿ ತೆರೆದಳು. ಒಂದು ಮಾತಿಗೆ ತೆರೆದಳು. ಶರ್ವಾಣಿ ತೋರುಬೆರಳಿಗೆ ಬಿಳಿ ಕರ್ಚೀಫು ಸುತ್ತಿಕೊಂಡು ಎಡಗೆನ್ನೆಯ ಒಳಗೆ ಒರೆಸಿದಳು. ಇನ್ನೊಮ್ಮೆ ಒರೆಸಿದಳು. ಬೆರಳು ತೆಗೆದು ನೋಡಿದಳು, ಕರ್ಚೀಫಿಗೆ ಏನೂ ಅಂಟಿರಲಿಲ್ಲ. ತಿರುಗಿ ಅಡುಗೆಮನೆಯ ಬಾಗಿಲ ಕಡೆಗೆ, ನನ್ನ ಕಡೆಗೆ, ಅಕ್ಕಾ, ಸ್ವಲ್ಪ ಬನ್ನಿ ಇಲ್ಲಿ. ಒರೆಸಿದರೆ ಹೋಗುವ ಬಿಳುಪು ಬೇರೆ, ಹೋಗದ ಬಿಳುಪು ಬೇರೆ, ಇದನ್ನೂ ಅವಳಿಗೆ ಕಲಿಸಿದವಳು ನಾನೇ, ಇಲಿಯ ಮೇಲೆ.

ಮೇಡಂ, ಎಲ್ಲೋ ಹೊರಟೋದ್ರಿ, ಸಿದ್ದರಾಜು ಕರೆಯುತ್ತಾರೆ. ಇಲ್ಲ ಸಾರ್, ಇಲ್ಲೇ ಇದೀನಿ. ಮೂತಿ, ಚಿಮಟ, ಮೆಲ್ಲಗೆ. ತುದಿಯಲ್ಲಿ ಮುಳ್ಳು ವಿರಳ, ಒರಗಿವೆ, ಅಂಟು ಇಲ್ಲದ್ದು, ಹಾಗಾದರೆ ಇದೂ ಚೊಕ್ಕ — ಅಲ್ಲ. ನಾಲಿಗೆಯ ಎಡಪಕ್ಕದಲ್ಲಿ, ಅಂಚಿಗೆ, ಬಿಳುಪು. ಸಾಸಿವೆಯಷ್ಟು ಅಗಲ, ಸ್ವಲ್ಪ ಉಬ್ಬು. ಎದೆ ಹಾರಿತು, ಸುಳ್ಳು ಯಾಕೆ, ಖುಷಿಯಿಂದಲೇ ಹಾರಿತು, ಬಿಸಿ ಕಾಫಿಯ ಮೊದಲ ಗುಟುಕು ಇಳಿದ ಹಾಗೆ ಆ ಖುಷಿ ಹೊಟ್ಟೆಯವರೆಗೂ ಇಳಿಯಿತು. ಸಿದ್ದರಾಜು ಬಗ್ಗಿ ನೋಡುತ್ತಾರೆ, ಬಿಳಿ ಮಚ್ಚೆ ಅಲ್ವಾ ಮೇಡಂ, ಒಂದು ಅಂತ ಬರ್ಕೊಂಡ್ಬಿಡ್ಲಾ. ನಾನು ಹೂಂ ಅಂದರೆ ಸಾಕು. ಅಷ್ಟೂ ಬೇಡ, ತಲೆಯಾಡಿಸಿದರೆ ಸಾಕು. ಗುಂಪಿನಲ್ಲಿರುವುದೇ ಕೆಲವು ಇಲಿ, ಒಂದು ಅತ್ತಿಂದಿತ್ತ ಬಿದ್ದರೆ ಲೆಕ್ಕ ಅಲ್ಲಾಡುತ್ತದೆ, ಸಾರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಇನ್ನೊಂದ್ಸಲ ಮಾಡಿ ನೋಡಮ್ಮ ಎನ್ನುತ್ತಾರೆ, ಇನ್ನೊಂದು ಸಲ ಅಂದರೆ ಇನ್ನೊಂದು ವರ್ಷ, ಮರಿಯಿಂದ ಶುರು, ಅಷ್ಟರಲ್ಲಿ ಸಾರ್ ನಿವೃತ್ತಿ, ತಂಡ ನನ್ನ ಕೈಗೆ, ಅಂಟು ಕಾಯುವಂಥದ್ದು ಎಂಬ ಮಾತು ಇನ್ನೊಂದಷ್ಟು ಕಾಲ ಬದುಕುತ್ತದೆ. ಶರ್ವಾಣಿ ಅಳುತ್ತಾಳೆ, ಟೆರೇಸಿನಲ್ಲಿ ಒಣಗಿಸಿದ ಬಟ್ಟೆಯ ನಡುವೆ ನಿಂತು ಅಳುತ್ತಾಳೆ, ಅಮ್ಮ ಮೆಟ್ಟಿಲು ಹತ್ತಿ ಹೋಗಿ ಸಮಾಧಾನ ಮಾಡುತ್ತಾಳೆ — ಅಲ್ಲಿಗೂ ಅಮ್ಮನೇ ಬರುತ್ತಾಳೆ, ನಾನು ಗೆದ್ದರೂ ಅಮ್ಮ ಅವಳ ಕಡೆ. ಆದರೆ ಒರೆಸಿಲ್ಲ. ಬಿಳುಪು ಕಂಡರೆ ಒದ್ದೆ ಹತ್ತಿಯಿಂದ ಒರೆಸಿ ನೋಡಿಯೇ ಅಂಕ ಹೇಳಬೇಕು, ಇಲಿ ಕಡಿದು ತಿನ್ನುವ ಗುಳಿಗೆಯ ಹಿಟ್ಟು ನಾಲಿಗೆಗೆ ಮೆತ್ತಿಕೊಂಡು ಒಣಗಿದರೂ ಹೀಗೇ ಕಾಣುತ್ತದೆ, ಹೊಸಬರು ಅದನ್ನೇ ಮಚ್ಚೆ ಎಂದು ಬರೆದುಬಿಡುತ್ತಾರೆ. ಒರೆಸುವ ನಿಯಮ ಮಾಡಿದವಳು ನಾನು. ಹತ್ತಿಯ ಕಡ್ಡಿ ನನ್ನ ಬಲಗೈ ಪಕ್ಕದಲ್ಲೇ ಇದೆ. ಸಿದ್ದರಾಜುಗೆ ಮರೆತಿದೆ. ಈ ಕೋಣೆಯಲ್ಲಿ ಅದನ್ನು ನೆನಪಿಟ್ಟುಕೊಂಡಿರುವವಳು ನಾನೊಬ್ಬಳು, ಮರೆತೆ ಎಂದುಕೊಂಡರೆ ಯಾರು ಕೇಳುತ್ತಾರೆ.

ಫೋನು. ಚೀಲದೊಳಗೆ ಬೆಳಕು, ಮೇಜು ಗುಂಯ್ ಎನ್ನುತ್ತದೆ, ಶರ್ವಾಣಿ ಎಂದು ಹೆಸರು, ಅವಳ ನಗುವ ಪಟ. ಅಮ್ಮನ ಕೆನ್ನೆಯಿಂದ ಕತ್ತರಿಸಿ ಪರೀಕ್ಷೆಗೆ ಕಳಿಸಿದ ಚೂರಿನ ರಿಪೋರ್ಟು ಬಂದಿದೆ. ತಗೊಳ್ಳಿ ಮೇಡಂ, ಅಮ್ಮೋರ ವಿಷ್ಯ ಇರ್ಬೋದು. ಇಲಿಯ ಮಂಪರು ಹೆಚ್ಚು ಹೊತ್ತು ಇರುವುದಿಲ್ಲ, ಕೈಯಲ್ಲಿ ಚಿಮಟವಿದೆ, ನಾಲಿಗೆಯಿದೆ, ಇದನ್ನು ಮುಗಿಸಿಯೇ, ಇದನ್ನು ಮುಗಿಸಿ. ಗುಂಯ್. ಅಮ್ಮನದು ಏನೂ ಆಗಿರದೇ ಇರಲಿ, ಬರೀ ಸುಣ್ಣ ಸುಟ್ಟದ್ದಾಗಿರಲಿ, ಒರೆಸಿದರೆ ಹೋಗುವಂಥದ್ದಾಗಿರಲಿ ಬನಶಂಕರಮ್ಮಾ, ಇದು ಮಾತ್ರ ಹೋಗದೇ ಇರಲಿ, ಇದು ಗಟ್ಟಿಯಾಗಿ ಕೂತಿರಲಿ — ಒಂದೇ ಉಸಿರಿನಲ್ಲಿ ಎರಡನ್ನೂ ಬೇಡಿಕೊಂಡೆ, ಬೇಡಿಕೊಂಡದ್ದು ನನ್ನ ಕಿವಿಗೇ ಬಿದ್ದ ಹಾಗಾಯಿತು. ಗುಂಯ್ ನಿಂತಿತು. ಕೈ ಹತ್ತಿಯ ಕಡ್ಡಿ ತೆಗೆದುಕೊಂಡಿದೆ, ನಾನು ಹೇಳಿದ್ದಲ್ಲ, ಆರು ವರ್ಷದ ಅಭ್ಯಾಸದ ಕೈ, ನನ್ನ ಮಾತು ಕೇಳುವುದಿಲ್ಲ. ಉಪ್ಪು ನೀರಿಗೆ ಅದ್ದಿದೆ. ಎಡಪಕ್ಕದ ಅಂಚು. ಒರೆಸಿದೆ. ಹಾಗೇ ಇದೆ. ಹಾಗೇ ಇದೆ, ನೋಡಿ ಸಾರ್, ಹೋಗುತ್ತಿಲ್ಲ ಎನ್ನಲು ಬಾಯಿ ತೆರೆದೆ, ಇನ್ನೊಮ್ಮೆ ಒರೆಸಬೇಕು, ಎರಡು ಸಲ ಒರೆಸಬೇಕು, ಅವಳು ಎರಡು ಸಲ ಒರೆಸಿದ್ದಳು. ಒರೆಸಿದೆ. ಸುಲಭವಾಗಿ ಎದ್ದು ಬಂತು. ಹತ್ತಿಯ ತುದಿಯಲ್ಲಿ ಬಿಳಿ ಹಿಟ್ಟು, ನಾಲಿಗೆಯ ಮೇಲೆ ತಿಳಿಗೆಂಪು, ಚೊಕ್ಕ. ಒಳ್ಳೇದಾಯ್ತು ನೋಡಿ ಮೇಡಂ, ತಪ್ಪು ಬರೀತಿದ್ದೆ, ಸಿದ್ದರಾಜು ಹಣೆಗೆ ಕೈ ಹೊಡೆದುಕೊಂಡರು, ಸೊನ್ನೆ ಅಲ್ವಾ. ಸೊನ್ನೆ. ಸೊನ್ನೆ ಸಾರ್. ಇಲಿಯನ್ನು ಎತ್ತಿಕೊಂಡು ಹೋಗಿ ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ, ಬೆನ್ನು ಸವರುತ್ತಾರೆ. ಒಳ್ಳೆಯದು ಮಾಡಿದೆ ಎಂದು ಅನ್ನಿಸುವುದೇ ಇಲ್ಲ. ಕೈಯಲ್ಲಿದ್ದದ್ದನ್ನು ಕಿತ್ತುಕೊಂಡ ಹಾಗೆ ಅನ್ನಿಸುತ್ತದೆ.

ಕೈಗವಸು ಬಿಚ್ಚಿ ಫೋನು ಮಾಡಿದೆ. ಒಂದೇ ಸದ್ದಿಗೆ ತೆಗೆದಳು. ಅಕ್ಕಾ, ಗಾಬರಿ ಏನಿಲ್ಲ, ಅಮ್ಮಂಗೇ ಕೊಡ್ತೀನಿ. ಆಸ್ಪತ್ರೆಯ ಗದ್ದಲ, ಯಾರದೋ ಟೋಕನ್ ಕೂಗುತ್ತಾರೆ, ಆಮೇಲೆ ಅಮ್ಮ, ಫೋನನ್ನು ಬಾಯಿಗೆ ತೀರಾ ಹತ್ತಿರ ಹಿಡಿದು ಕೂಗುವ ಅಮ್ಮ. ಸುಧಾ, ಇನ್ನೂ ಆಗಿಲ್ವಂತೆ ಕಣೇ. ಏನಾಗಿಲ್ವಂತೆ. ಅದೇ, ನಿನ್ ಇಲಿಗ್ ಬರತ್ತಲ್ಲ, ಅದು. ಆಗೋ ದಾರೀಲಿತ್ತಂತೆ, ಇನ್ನೊಂದ್ ವರ್ಷ ಬಿಟ್ಟಿದ್ರೆ ಆಗೋಗ್ತಿತ್ತಂತೆ, ಈಗ ಅಷ್ಟ್ ಜಾಗ ಕೆತ್ತಿ ತೆಗೆದ್ಬಿಟ್ರೆ ಸರಿಹೋಗತ್ತಂತೆ, ಕಡ್ಡಿಪುಡಿ ಮುಟ್ಟಂಗಿಲ್ಲ ಅಂದ್ರು, ಬಿಟ್ಟೆ ಕಣೇ, ಈ ಮಗು ಕೈಗೆ ಪೊಟ್ಣ ಕೊಟ್ಬಿಟ್ಟೆ. ಡಾಕ್ಟ್ರು ಕೇಳಿದ್ರು, ಯಾರಮ್ಮಾ ಇದನ್ನ ಮೊದಲು ಕಂಡಿದ್ದು ಅಂತ, ಇವಳೇ ಸಾರ್ ಅಂದೆ, ನಿಮ್ ಮಗಳು ಜಾಣೆ ಅಂದ್ರು, ನಾನೂ ಸುಮ್ನಾದೆ, ಯಾಕ್ ಇಲ್ಲ ಅನ್ನೋದು ಅಂತ. ಕುರ್ಚಿ ಎಳೆದು ಕೂತೆ, ಕಣ್ಣಿನಲ್ಲಿ ನೀರು ಬಂತು, ಅಮ್ಮ ಉಳಿದಳು, ಅಮ್ಮ ಉಳಿದಳು ಎಂದು ಮೈಯೆಲ್ಲ ಹಗುರವಾಯಿತು, ಆ ಹಗುರದ ನಡುವೆಯೇ ಅದೊಂದು ಚೂಪು, ಸುಮ್ನಾದೆ. ನಾನೂ ಸುಮ್ನಾದೆ. ಕೊಡಮ್ಮ ಅವಳಿಗೆ, ಅಂದೆ. ಫೋನು ಕೈ ಬದಲಾಯಿತು. ಶರ್ವಾಣಿ, ಅಂದೆ. ಹೇಳಿ ಅಕ್ಕಾ. ಕಾಯುತ್ತಿದ್ದಾಳೆ, ಉಸಿರು ಕೇಳುತ್ತದೆ, ಇಲಿಗಳು ಹೇಗಿವೆ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿದೆ, ಕೇಳುವ ಹಾಗಿಲ್ಲ, ಕೇಳುವುದೂ ಇಲ್ಲ, ಅಷ್ಟು ಒಳ್ಳೆಯವಳು, ಅವಳ ಒಳ್ಳೆಯತನವನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ. ನೀನು ಗೆದ್ದೆ ಕಣೇ, ಎಲ್ಲ ಕಡೆ ಗೆದ್ದೆ ಎನ್ನಬಹುದಿತ್ತು. ಥ್ಯಾಂಕ್ಸ್, ಅಂದೆ. ಅಯ್ಯೋ ಅಕ್ಕಾ, ಅದಕ್ಕೆಲ್ಲ ಯಾಕೆ, ನಮ್ಮಮ್ಮ ಅಲ್ವಾ.

ಅಲ್ವಾ. ಮುಂದಿನದು ಮಲಗಿದೆ ಮೇಡಂ, ತರ್ಲಾ. ತನ್ನಿ ಸಾರ್. ಹೊಸ ಕೈಗವಸು, ಪುಡಿ ವಾಸನೆ, ದೀಪ. ಇನ್ನು ಕೆಲವೇ ಉಳಿದಿವೆ, ನಾಲ್ಕಕ್ಕೆ ಸಾರ್ ಗುಟ್ಟು ಬಿಚ್ಚುತ್ತಾರೆ, ಚಮಚ ಕೆಳಗಿಟ್ಟ ಹಾಗೆ ಕನ್ನಡಕ ಕೆಳಗಿಡುತ್ತಾರೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ, ನಾನೂ ಹೊಡೆಯುತ್ತೇನೆ, ನಾಲಿಗೆಯ ಗುರುತಿನ ವಿಷಯ ಅಲ್ಲೇ ಹೇಳುತ್ತೇನೋ, ಹೇಳಿದರೆ ಸತ್ಯಕ್ಕೆಂದು ಹೇಳುತ್ತೇನೋ ಅವಳಿಗೆ ಬೀಳುವ ಚಪ್ಪಾಳೆ ನಿಲ್ಲಲೆಂದು ಹೇಳುತ್ತೇನೋ ನನಗೇ ತಿಳಿಯದು, ಸಂಜೆ ಮನೆಗೆ ಹೋಗುತ್ತೇನೆ, ಕೈಕಾಲು ತೊಳೆದು ಮಂಚದ ಹತ್ತಿರ ಹೋಗಿ, ಅಮ್ಮಾ, ಎಲ್ಲಿ, ನಂಗೂ ಒಂದ್ಸಲ ತೋರ್ಸು ಎನ್ನುತ್ತೇನೆ, ಮೆತ್ತಗೆ ಎನ್ನುತ್ತೇನೆ, ಬಯ್ಯುವುದಿಲ್ಲ — ಅಮ್ಮನ ಕೈ ಸೆರಗಿಗೆ ಹೋಗುತ್ತದೆ, ಈಗಲೇ ಕಾಣುತ್ತಿದೆ, ಸೆರಗು ಬಾಯಿಗೆ ಅಡ್ಡ ಬರುತ್ತದೆ, ಡಾಕ್ಟ್ರು ನೋಡಿದ್ರಲ್ಲ ಬಿಡೇ. ಮೂತಿ, ಚಿಮಟ, ಮೆಲ್ಲಗೆ. ಈ ಬಾಯಿ ತೆರೆಯುತ್ತದೆ, ಇವೆಲ್ಲ ತೆರೆಯುತ್ತವೆ, ಮಂಪರಿನಲ್ಲಿರುವುದರಿಂದ ತೆರೆಯುತ್ತವೆ. ಎಷ್ಟು ಮೇಡಂ. ಕಿಟಕಿಯ ಬೆಳಕು, ಹಬ್ಬದ ಮಧ್ಯಾಹ್ನ, ಅಮ್ಮ ಕುತ್ತಿಗೆ ಹಿಂದಕ್ಕೆ ಹಾಕಿ ಕೂತಿದ್ದಾಳೆ, ಕಣ್ಣು ಮುಚ್ಚಿದ್ದಾಳೆ, ಮಗುವಿನ ಹಾಗೆ ನಂಬಿ. ಮೇಡಂ, ಎಷ್ಟು ಅಂತ ಬರ್ಕೊಳ್ಲಿ. ಬಾಯಿ ಅಷ್ಟಗಲ ತೆರೆದಿದೆ, ಕೆಂಪು, ಒಳಗೆ ಬಿಳಿ ಕರ್ಚೀಫು ಸುತ್ತಿದ ಬೆರಳು, ನನ್ನದಲ್ಲ, ಒರೆಸುತ್ತಿದೆ, ಇನ್ನೊಮ್ಮೆ ಒರೆಸುತ್ತಿದೆ, ಆ ಬೆರಳು ನನ್ನದಲ್ಲ.